‘ಅಂಕಲ್’ ಪದದೊಳಗಿನ ಸೋದರಮಾವ

ಇಂಗ್ಲಿಷಿನ ‘ಅಂಕಲ್’ ಎಂಬ ಪದದ ಬೇರನ್ನು ಹುಡುಕುತ್ತ ಹೋದರೆ ಕೊನೆಗೆ ಸಿಗುವವನು ತಾಯಿಯ ಅಣ್ಣ ಅಥವಾ ತಮ್ಮ, ಎಂದರೆ ಕನ್ನಡಿಗರ ಸೋದರಮಾವ. ಇಂದು ಆ ಪದ ತಂದೆಯ ಸೋದರನಿಗೂ ತಾಯಿಯ ಸೋದರನಿಗೂ, ಸೋದರತ್ತೆಯ ಗಂಡನಿಗೂ ಚಿಕ್ಕಮ್ಮನ ಗಂಡನಿಗೂ ಸಮವಾಗಿ ಸಲ್ಲುತ್ತದೆ. ಮುಂಬಯಿಯ ದಾದರ್‌ನಂಥ ಬಹುಭಾಷಿಕ ಬಡಾವಣೆಯಲ್ಲಂತೂ ಪಕ್ಕದ ಮನೆಯ ಯಜಮಾನನಿಂದ ಹಿಡಿದು ಕಟ್ಟಡದ ಕಾವಲುಗಾರನವರೆಗೆ ವಯಸ್ಸಿನಲ್ಲಿ ಹಿರಿಯನಾದ ಯಾವ ಗಂಡಸಿಗೂ ಸಲ್ಲುತ್ತದೆ. ಒಬ್ಬನೇ ಒಬ್ಬ ನಂಟನನ್ನು ಖಚಿತವಾಗಿ ಹೆಸರಿಸುತ್ತಿದ್ದ ಪದವು ಎರಡು ಸಾವಿರ ವರ್ಷಗಳಲ್ಲಿ ಹೀಗೆ ಎಲ್ಲರ ಪಾಲಾದ ಬಗೆಯನ್ನು ಅರಿತುಕೊಳ್ಳುವುದು ಭಾಷಾಶಾಸ್ತ್ರದ ಆಸಕ್ತಿಗೆ ಮಾತ್ರ ಸೀಮಿತವಾದ ಸಂಗತಿಯಲ್ಲ, ಏಕೆಂದರೆ ಅದೇ ಪದ ಈಗ ಕನ್ನಡ ಮನೆಗಳ ಒಳಗೂ ಬಂದು ಮಾವ, ದೊಡ್ಡಪ್ಪ, ಚಿಕ್ಕಪ್ಪ ಎಂಬ ಮೂರು ಪದಗಳ ಜಾಗದಲ್ಲಿ ಕೂರುತ್ತಿದೆ.

ಪ್ರಾಚೀನ ರೋಮಿನ ಲ್ಯಾಟಿನ್ ಭಾಷೆಯಲ್ಲಿ ತಂದೆಯ ಸೋದರನಿಗೆ ‘ಪತ್ರುವುಸ್’, ತಾಯಿಯ ಸೋದರನಿಗೆ ‘ಅವುಂಕುಲುಸ್’, ತಂದೆಯ ಸೋದರಿಗೆ ‘ಅಮಿತ’, ತಾಯಿಯ ಸೋದರಿಗೆ ‘ಮಾತೆರ್ತೆರ’ ಎಂದು ನಾಲ್ಕು ಬೇರೆ ಬೇರೆ ಹೆಸರುಗಳಿದ್ದವು. ಇವುಗಳಲ್ಲಿ ಪತ್ರುವುಸ್ ಸಂಸ್ಕೃತದ ‘ಪಿತೃವ್ಯ’ದ ಹತ್ತಿರದ ಜ್ಞಾತಿ ಪದ, ಅಂದರೆ ಎರಡೂ ಒಂದೇ ಪೂರ್ವಭಾಷೆಯ ಒಂದೇ ಪದದಿಂದ ಕವಲೊಡೆದವು. ಅವುಂಕುಲುಸ್ ಎಂಬುದು ಅಜ್ಜ ಎಂಬರ್ಥದ ‘ಅವುಸ್’ ಪದಕ್ಕೆ ಕಿರಿದನ್ನು ಸೂಚಿಸುವ ಪ್ರತ್ಯಯ ಸೇರಿ ಆದದ್ದು. ಕನ್ನಡದಲ್ಲಿ ತಂದೆಯ ತಮ್ಮ ಚಿಕ್ಕ ಅಪ್ಪನಾದಂತೆ ಲ್ಯಾಟಿನ್‌ನಲ್ಲಿ ತಾಯಿಯ ಸೋದರ ಚಿಕ್ಕ ಅಜ್ಜನಾದ. ರೋಮನ್ ಸಾಹಿತ್ಯದಲ್ಲಿ ಪತ್ರುವುಸ್ ಎಂದರೆ ಗದರಿಸಿ ತಿದ್ದುವ ಕಟ್ಟುನಿಟ್ಟಿನ ಹಿರಿಯ ಎಂಬ ಅರ್ಥ ಗಾದೆಯಷ್ಟು ರೂಢವಾಗಿತ್ತು. ಅದಕ್ಕೆ ಪ್ರತಿಯಾಗಿ ತಾಯಿಯ ಕಡೆಯ ಸೋದರ ಸಲುಗೆಯ, ಅಕ್ಕರೆಯ ನಂಟ. ಮನೆಯ ಅಧಿಕಾರವೆಲ್ಲ ತಂದೆಯ ಕುಲದಲ್ಲಿದ್ದ ಸಮಾಜದಲ್ಲಿ ಅಧಿಕಾರವಿಲ್ಲದ ಅಕ್ಕರೆ ತಾಯಿಯ ತವರಿನಿಂದ ಬರುವುದು ಸಹಜವೇ ಆಗಿದೆ.

ಲ್ಯಾಟಿನ್ ಜನಬಳಕೆಯಲ್ಲಿ ಸವೆದು ಫ್ರೆಂಚ್ ಆಗುವ ಹೊತ್ತಿಗೆ ಪತ್ರುವುಸ್ ಮಾಯವಾಗಿ ಅವುಂಕುಲುಸ್ ಒಂದೇ ‘ಓಂಕ್ಲ್’ ಎಂಬ ರೂಪದಲ್ಲಿ ಎರಡೂ ಕಡೆಯ ಸೋದರರಿಗೆ ಸಲ್ಲತೊಡಗಿತು, ಅಮಿತ ‘ಆಂತ್’ ಆಗಿ ಎರಡೂ ಕಡೆಯ ಸೋದರಿಯರನ್ನು ಹೆಸರಿಸಿತು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದು ಫ್ರೆಂಚನ್ನು ಆಳುವವರ ಭಾಷೆಯಾಗಿಸಿದ ಮೇಲೆ ಈ ಎರಡೂ ಪದಗಳು ಇಂಗ್ಲಿಷಿಗೆ ನುಸುಳಿ, 1300ರ ಸುಮಾರಿಗೆ ‘ಅಂಕಲ್’ ಮತ್ತು ‘ಆಂಟ್’ ಎಂದು ನೆಲೆಯೂರಿದವು. ಅದಕ್ಕೆ ಮುಂಚೆ ಇಂಗ್ಲಿಷಿಗೆ ಸ್ವಂತ ಪದಗಳಿರಲಿಲ್ಲವೆಂದಲ್ಲ. ಹಳೆಯ ಇಂಗ್ಲಿಷಿನಲ್ಲಿ ತಂದೆಯ ಸೋದರ ‘ಫೆದೆರ’, ತಾಯಿಯ ಸೋದರ ‘ಎಆಮ್’, ತಂದೆಯ ಸೋದರಿ ‘ಫಥು’, ತಾಯಿಯ ಸೋದರಿ ‘ಮೋದ್ರಿಯೆ’ ಆಗಿದ್ದರು. ಹೊರಗಿನಿಂದ ಬಂದ ಎರಡು ಪದಗಳ ಎದುರು ಮನೆಯ ನಾಲ್ಕು ಪದಗಳು ಉಳಿಯಲಿಲ್ಲ. ಹಾಗೆ ಅಳಿದುಹೋದ ಎಆಮ್, ಲ್ಯಾಟಿನ್‌ನ ಅವುಸ್‌ಗೆ ದೂರದ ಸಂಬಂಧಿ. ಡಚ್ ಭಾಷೆಯಲ್ಲಿ ಇಂದಿಗೂ ಇರುವ ‘ಓಮ್’ ಅದೇ ಬೇರಿನದು.

ಇನ್ನೊಂದು ಸಂಗತಿ ಕನ್ನಡ ಓದುಗರ ಗಮನವನ್ನು ವಿಶೇಷವಾಗಿ ಸೆಳೆಯಬೇಕು. ಅಂಕಲ್ ತಾಯಿಯ ಸೋದರನಿಂದ ಬಂದರೆ ಆಂಟ್ ತಂದೆಯ ಸೋದರಿಯಿಂದ ಬಂದಿದೆ; ಎಂದರೆ ಇಂಗ್ಲಿಷ್ ಉಳಿಸಿಕೊಂಡ ಇಬ್ಬರೂ ಮೂಲದಲ್ಲಿ ಕನ್ನಡದ ಮಾವ ಮತ್ತು ಅತ್ತೆ. ಅವರ ಮಕ್ಕಳನ್ನೆಲ್ಲ ಒಂದೇ ಮಾತಿನಲ್ಲಿ ಹೇಳುವ ‘ಕಸಿನ್’ ಪದದ ಕಥೆ ಮಾತ್ರ ತಿರುಗುಮುರುಗು. ಅದು ‘ಕೊನ್ಸೊಬ್ರೀನುಸ್’ ಎಂಬ ಲ್ಯಾಟಿನ್ ಪದದಿಂದ ಬಂದದ್ದು, ಅದರ ಮೊದಲ ಅರ್ಥ ತಾಯಿಯ ಅಕ್ಕತಂಗಿಯರ ಮಕ್ಕಳು ಎಂದು. ಕನ್ನಡದಲ್ಲಿ ದೊಡ್ಡಮ್ಮ ಚಿಕ್ಕಮ್ಮಂದಿರ ಮಕ್ಕಳು ಅಣ್ಣ ತಮ್ಮ ಅಕ್ಕ ತಂಗಿಯರೇ ಆಗಿದ್ದು, ಅವರನ್ನು ಬೇರೆ ಹೆಸರಿನಿಂದ ಕರೆಯುವ ಪ್ರಶ್ನೆಯೇ ಏಳುವುದಿಲ್ಲ.

ಬಂಧುತ್ವವನ್ನು ಲೆಕ್ಕ ಹಾಕುವ ಕ್ರಮಕ್ಕೆ ಕನ್ನಡದಲ್ಲಿ ‘ವಾವೆ ವರಸೆ’ ಎಂಬ ಮಾತಿದೆ. ಯಾರಿಗೆ ಯಾರು ಏನಾಗಬೇಕು, ಆ ಕಾರಣದಿಂದ ಯಾರನ್ನು ಯಾರು ಹೇಗೆ ಕರೆಯಬೇಕು, ಯಾರೊಡನೆ ಯಾರಿಗೆ ಮದುವೆ ಕೂಡುತ್ತದೆ ಎಂಬುದೆಲ್ಲ ಅದರೊಳಗೆ ಅಡಕವಾಗಿದೆ. ಈ ವರಸೆಯಲ್ಲಿ ತಂದೆಯ ಅಣ್ಣ ತಮ್ಮಂದಿರು ಅಪ್ಪಂದಿರೇ, ಹಿರಿಯನಾದರೆ ದೊಡ್ಡಪ್ಪ, ಕಿರಿಯನಾದರೆ ಚಿಕ್ಕಪ್ಪ. ತಾಯಿಯ ಅಕ್ಕತಂಗಿಯರು ಅಮ್ಮಂದಿರೇ, ಉತ್ತರ ಕರ್ನಾಟಕದ ಮಾತಿನಲ್ಲಿ ದೊಡವ್ವ, ಚಿಗವ್ವ. ಅವರ ಗಂಡಂದಿರೂ ಅದೇ ಲೆಕ್ಕದಲ್ಲಿ ದೊಡ್ಡಪ್ಪ ಚಿಕ್ಕಪ್ಪಂದಿರು. ಆದರೆ ತಾಯಿಯ ಸೋದರ ಅಪ್ಪನಲ್ಲ, ಮಾವ. ತಂದೆಯ ಸೋದರಿ ಅಮ್ಮನಲ್ಲ, ಅತ್ತೆ. ಸೋದರತ್ತೆಯ ಗಂಡ ಮಾವ, ಸೋದರಮಾವನ ಹೆಂಡತಿ ಅತ್ತೆ. ಗಂಡನ ಅಥವಾ ಹೆಂಡತಿಯ ತಂದೆತಾಯಿಗಳೂ ಮಾವ ಅತ್ತೆಯರೇ ಆಗಿರುವುದು ಆಕಸ್ಮಿಕವಲ್ಲ, ಏಕೆಂದರೆ ಮಾವನ ಮಗಳು ಅಥವಾ ಅತ್ತೆಯ ಮಗ ಎಂದರೆ ಮದುವೆಗೆ ಒದಗುವ ವರಸೆಯವರು ಎಂಬ ಎಣಿಕೆಯ ಮೇಲೆಯೇ ಈ ಇಡೀ ಏರ್ಪಾಡು ನಿಂತಿದೆ. ತಾಯಿ ಸತ್ತರೆ ತಂದೆ ಚಿಕ್ಕಪ್ಪ ಎಂಬ ಗಾದೆಯ ಕಹಿಯೂ ಈ ಲೆಕ್ಕದಿಂದಲೇ ಹುಟ್ಟಿದ್ದು: ಮನೆಗೆ ಬಂದ ಮಲತಾಯಿ ಚಿಕ್ಕಮ್ಮ ಎನಿಸಿಕೊಂಡರೆ ಅವಳ ಗಂಡನಾದ ಸ್ವಂತ ತಂದೆಯೂ ಚಿಕ್ಕಪ್ಪನಾಗಿ ದೂರ ಸರಿಯುತ್ತಾನೆ. ‘ಅಂಕಲ್’ ಎಂಬ ಪದವನ್ನಿಟ್ಟು ಈ ಗಾದೆಯನ್ನು ಯಾರಿಗೂ ತಿಳಿಸಲು ಬರುವುದಿಲ್ಲ.

ಇದೇ ವಿನ್ಯಾಸವನ್ನು ಅಮೆರಿಕದ ನ್ಯೂಯಾರ್ಕ್ ರಾಜ್ಯದ ವಕೀಲ ಲೂಯಿಸ್ ಹೆನ್ರಿ ಮಾರ್ಗನ್ 1871ರಲ್ಲಿ ಪ್ರಕಟಿಸಿದ ತನ್ನ ಬೃಹತ್ ಗ್ರಂಥದಲ್ಲಿ ಜಗತ್ತಿನ ಎದುರಿಟ್ಟ. ತನ್ನ ನೆರೆಯ ಸೆನೆಕಾ ಮೂಲನಿವಾಸಿಗಳು ತಂದೆಯ ಸೋದರನನ್ನು ತಂದೆಯೆಂದೂ ತಾಯಿಯ ಸೋದರನನ್ನು ಬೇರೆ ಹೆಸರಿನಿಂದಲೂ ಕರೆಯುವುದನ್ನು ಕಂಡಿದ್ದ ಆತ, ತಮಿಳು, ತೆಲುಗು, ಕನ್ನಡಗಳ ಬಂಧುವಾಚಕ ಪಟ್ಟಿಗಳನ್ನು ತರಿಸಿಕೊಂಡು ನೋಡಿದಾಗ ಅದೇ ಮಾದರಿ ಕಂಡು ಬೆರಗಾದ. ಈ ಹೋಲಿಕೆಯೇ ಅಮೆರಿಕದ ಮೂಲನಿವಾಸಿಗಳು ಏಷ್ಯಾದಿಂದ ಬಂದವರೆಂಬುದಕ್ಕೆ ಸಾಕ್ಷಿ ಎಂದು ಆತ ಹೂಡಿದ ವಾದವನ್ನು ಮುಂದಿನ ವಿದ್ವಾಂಸರು ಒಪ್ಪಲಿಲ್ಲ, ಎರಡು ಮಾದರಿಗಳ ನಡುವೆ ಸೂಕ್ಷ್ಮ ವ್ಯತ್ಯಾಸಗಳಿವೆಯೆಂದೂ ತೋರಿಸಿದರು. ಆದರೂ ನಂಟಿನ ಹೆಸರುಗಳು ಸಮಾಜದ ಕಟ್ಟಳೆಯನ್ನು ಹೇಳುತ್ತವೆ ಎಂಬ ಮಾರ್ಗನ್‌ನ ಮೂಲ ನೋಟ ಮಾನವಶಾಸ್ತ್ರದ ಅಡಿಗಲ್ಲಾಗಿ ಉಳಿಯಿತು.

ಆ ಶಾಸ್ತ್ರವನ್ನು ಭಾರತದಲ್ಲಿ ಬೆಳೆಸಿದ ಊರುಗಳಲ್ಲಿ ಮುಂಬಯಿ ಮುಖ್ಯವಾದದ್ದು. ಮಾಲ್ವಣ ಮೂಲದ ಜಿ.ಎಸ್. ಘುರ್ಯೆ ಮುಂಬಯಿ ವಿಶ್ವವಿದ್ಯಾಲಯದ ಸಮಾಜಶಾಸ್ತ್ರ ವಿಭಾಗವನ್ನು ದೀರ್ಘಕಾಲ ನಡೆಸಿದರು, 1955ರಲ್ಲಿ ಇಂಡೋ-ಯುರೋಪಿಯನ್ ಸಂಸ್ಕೃತಿಯ ಕುಟುಂಬ ಮತ್ತು ಬಂಧುತ್ವದ ಬಗ್ಗೆ ಗ್ರಂಥವನ್ನೇ ಬರೆದರು. ಅವರ ಶಿಷ್ಯೆ ಇರಾವತಿ ಕರ್ವೆ 1953ರಲ್ಲಿ ಪ್ರಕಟಿಸಿದ ಭಾರತದ ಬಂಧುತ್ವ ವ್ಯವಸ್ಥೆಯ ಅಧ್ಯಯನದಲ್ಲಿ ದೇಶವನ್ನು ನಾಲ್ಕು ವಲಯಗಳಾಗಿ ವಿಂಗಡಿಸಿ, ಮಹಾರಾಷ್ಟ್ರವು ಉತ್ತರದ ಮತ್ತು ದಕ್ಷಿಣದ ಪದ್ಧತಿಗಳು ಬೆರೆಯುವ ನೆಲವೆಂದು ತೋರಿಸಿದರು. ಘುರ್ಯೆಯವರ ಇನ್ನೊಬ್ಬ ಶಿಷ್ಯ ಮೈಸೂರಿನ ಎಂ.ಎನ್. ಶ್ರೀನಿವಾಸ, ಕನ್ನಡ ಜಾತಿಗಳ ಮದುವೆ ಮತ್ತು ಕುಟುಂಬ ಪದ್ಧತಿಗಳನ್ನು ಕುರಿತ ಅವರ ಮೊದಲ ಪುಸ್ತಕ 1942ರಲ್ಲಿ ಹೊರಬಂದದ್ದು ಮುಂಬಯಿಯಿಂದಲೇ. ಮುಂದೆ ಅವರು ಆಕ್ಸ್‌ಫರ್ಡಿಗೆ ಹೋದಾಗ ಗುರುವಾಗಿ ಒದಗಿದ ರ‍್ಯಾಡ್‌ಕ್ಲಿಫ್-ಬ್ರೌನ್, ದಕ್ಷಿಣ ಆಫ್ರಿಕದ ಸಮುದಾಯಗಳಲ್ಲಿ ತಾಯಿಯ ಸೋದರನಿಗಿರುವ ವಿಶೇಷ ಸ್ಥಾನದ ಬಗ್ಗೆ 1924ರಲ್ಲೇ ಪ್ರಸಿದ್ಧ ಪ್ರಬಂಧ ಬರೆದವರು. ಸೋದರಮಾವನೆಂಬ ಒಬ್ಬ ನಂಟನ ಸುತ್ತ ಇಷ್ಟು ವಿದ್ವತ್ತು ಬೆಳೆದಿರುವಾಗ ಅವನ ಹೆಸರೇ ಮನೆಯಿಂದ ಮರೆಯಾಗುವುದು ವಿಷಾದದ ಸಂಗತಿ.

ಕರ್ವೆಯವರು ಹೇಳಿದ ಬೆರಕೆಯನ್ನು ನೋಡಲು ದಾದರ್‌ಗಿಂತ ತಕ್ಕ ಸ್ಥಳ ಸಿಗಲಾರದು. 1896ರ ಪ್ಲೇಗಿನ ನಂತರ, 1898ರಲ್ಲಿ ಸ್ಥಾಪನೆಯಾದ ನಗರ ಸುಧಾರಣಾ ಟ್ರಸ್ಟ್ ಇಕ್ಕಟ್ಟಿನ ಹಳೆಯ ಪೇಟೆಗಳಿಂದ ಜನರನ್ನು ಹೊರತರಲು ದಾದರ್-ಮಾಟುಂಗಾ ಪ್ರದೇಶದಲ್ಲಿ ಹೊಸ ಬಡಾವಣೆಗಳನ್ನು ಯೋಜಿಸಿತು. ಹಿಂದೂ ಕಾಲನಿ, ಪಾರ್ಸಿ ಕಾಲನಿಗಳು ಬೆಳೆದವು, ಪಕ್ಕದ ಮಾಟುಂಗಾದಲ್ಲಿ ದಕ್ಷಿಣ ಭಾರತೀಯರು ನೆಲೆಸಿದರು. ಅಲ್ಲಿಯೇ 1926ರಲ್ಲಿ ಮೈಸೂರು ಅಸೋಸಿಯೇಶನ್ ಹುಟ್ಟಿತು, 1933ರಲ್ಲಿ ಕರ್ನಾಟಕ ಸಂಘ ಆರಂಭವಾಯಿತು. ಮೈಸೂರಿಗೆ ಹೋಗುವ ಶರಾವತಿ ಎಕ್ಸ್‌ಪ್ರೆಸ್ ದಾದರ್ ನಿಲ್ದಾಣದಿಂದಲೇ ಹೊರಡುತ್ತದೆ. ಹೀಗೆ ಒಂದೇ ಮಹಡಿಯಲ್ಲಿ ಮರಾಠಿ, ಕನ್ನಡ, ತುಳು, ಕೊಂಕಣಿ, ಗುಜರಾತಿ ಮನೆಗಳು ಬಾಗಿಲಿಗೆ ಬಾಗಿಲು ಎದುರಾಗಿರುವಲ್ಲಿ ನಂಟಿನ ಪದಗಳು ಒಂದಕ್ಕೊಂದು ಉಜ್ಜುತ್ತ ಬದುಕುತ್ತವೆ.

ಮರಾಠಿಯಲ್ಲಿ ತಂದೆಯ ಸೋದರ ಕಾಕಾ, ತಾಯಿಯ ಸೋದರ ಮಾಮಾ, ತಂದೆಯ ಸೋದರಿ ಆತ್ಯಾ, ತಾಯಿಯ ಸೋದರಿ ಮಾವಶಿ. ಹಿರಿಯರ ಹೆಸರುಗಳಲ್ಲಿ ಹೀಗೆ ನಾಲ್ಕು ಕವಲುಗಳನ್ನು ಬೇರ್ಪಡಿಸಿದರೂ ಅವರ ಮಕ್ಕಳೆಲ್ಲರೂ ಮರಾಠಿಗೆ ಒಡಹುಟ್ಟಿದವರೇ: ಕಾಕಾನ ಮಗ ಚುಲತಭಾವು, ಮಾಮಾನ ಮಗ ಮಾಮೇಭಾವು, ಆತ್ಯಾಳ ಮಗ ಆತೇಭಾವು, ಮಾವಶಿಯ ಮಗ ಮಾವಸಭಾವು. ಭಾವು ಎಂದರೆ ಅಣ್ಣ ಅಥವಾ ತಮ್ಮ. ಎದುರು ಮನೆಯ ಕನ್ನಡ ಹುಡುಗಿಗೆ ತನಗಿಂತ ದೊಡ್ಡವನಾದ ಸೋದರಮಾವನ ಮಗ ಭಾವನಾಗಬೇಕು. ಆ ಪದದ ಅರ್ಥ ಅಕ್ಕನ ಗಂಡ, ಗಂಡನ ಅಣ್ಣ, ಅಥವಾ ಮದುವೆಯ ವರಸೆಗೆ ಸೇರಿದ ಹಿರಿಯ ಹುಡುಗ, ಒಡಹುಟ್ಟಿದವನು ಎಂದಂತೂ ಖಂಡಿತ ಅಲ್ಲ. ಒಂದೇ ನಂಟು, ಬಹುತೇಕ ಒಂದೇ ಉಚ್ಚಾರ, ಅರ್ಥ ಮಾತ್ರ ನೇರ ವಿರುದ್ಧ. ಮರಾಠಿಯ ‘ತಾಈ’ ಅಕ್ಕನೇ ಹೊರತು ತಾಯಿಯಲ್ಲ ಎಂಬುದನ್ನೂ ದಾದರ್‌ನ ಕನ್ನಡ ಮಕ್ಕಳು ಬೇಗನೆ ಕಲಿಯುತ್ತಾರೆ. ಕೊಡುಕೊಳ್ಳುವಿಕೆಯೂ ಹಳೆಯದೇ: ಮರಾಠಿ ಮನೆಗಳಲ್ಲಿ ಹಿರಿಯರನ್ನು ಕರೆಯುವ ಅಣ್ಣಾ, ಅಕ್ಕಾ, ಅಪ್ಪಾ ಎಂಬ ಪದಗಳು ದಕ್ಷಿಣದಿಂದ ಹೋದವು, ಧಾರವಾಡ ಬೆಳಗಾವಿಗಳ ಕನ್ನಡಕ್ಕೆ ಕಾಕಾ, ಮಾಮಾ, ಮೌಶಿ ಉತ್ತರದಿಂದ ಬಂದವು.

ಇಂಥ ನೆರೆಹೊರೆಯಲ್ಲಿ ನಂಟನಲ್ಲದ ಹಿರಿಯನನ್ನು ಏನೆಂದು ಕರೆಯಬೇಕು ಎಂಬುದು ನಿಜವಾದ ತೊಡಕು. ಮುಂಬಯಿಯ ಬೀದಿ ಅದಕ್ಕೆ ತನ್ನದೇ ಉತ್ತರಗಳನ್ನು ಕಂಡುಕೊಂಡಿದೆ: ಪೊಲೀಸ್ ಪೇದೆ ಮಾಮಾ, ಆಸ್ಪತ್ರೆಯ ಆಯಾ ಮಾವಶಿ, ಇಡ್ಲಿ ಮಾರುವವನು ಯಾವ ಜಿಲ್ಲೆಯವನಾದರೂ ಅಣ್ಣಾ. ವಸತಿ ಸಮುಚ್ಚಯದ ಒಳಗೆ ಮಾತ್ರ ಅಂಕಲ್ ಗೆದ್ದಿದೆ, ಅದಕ್ಕೆ ಸಕಾರಣವೂ ಇದೆ. ಆ ಪದಕ್ಕೆ ಇಲ್ಲಿ ಭಾಷೆಯ ಗಡಿಯಿಲ್ಲ, ಜಾತಿಯ ಸುಳಿವಿಲ್ಲ, ಹಿರಿತನಕ್ಕೆ ಸಲ್ಲಬೇಕಾದ ಗೌರವ ಮಾತ್ರ ಇದೆ. ಡಚ್ಚರ ಓಮ್ ದಕ್ಷಿಣ ಆಫ್ರಿಕದ ಆಫ್ರಿಕಾನ್ಸ್ ಭಾಷೆಯಲ್ಲಿ ಇದೇ ರೀತಿ ಯಾವ ಹಿರಿಯನಿಗೂ ಸಲ್ಲುವ ಗೌರವವಾಚಕವಾಗಿದೆ. ಆದರೆ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಬಿಳಿಯರು ವಯಸ್ಸಾದ ಕಪ್ಪು ಗುಲಾಮರಿಗೆ ಮಿಸ್ಟರ್ ಎಂಬ ಗೌರವವನ್ನು ನಿರಾಕರಿಸುವ ಸಲುವಾಗಿಯೇ ಅಂಕಲ್ ಎನ್ನುತ್ತಿದ್ದರು. 1852ರಲ್ಲಿ ಪುಸ್ತಕವಾಗಿ ಬಂದ ಹ್ಯಾರಿಯೆಟ್ ಬೀಚರ್ ಸ್ಟೋವ್ ಅವರ ಕಾದಂಬರಿಯ ಅಂಕಲ್ ಟಾಮ್‌ಗೆ ಆ ಹೆಸರು ಬಂದದ್ದು ಈ ರೂಢಿಯಿಂದ. ಒಂದೇ ಪದ ಒಂದೆಡೆ ಗೌರವ ಕೊಡುವುದಕ್ಕೂ ಇನ್ನೊಂದೆಡೆ ತಡೆಹಿಡಿಯುವುದಕ್ಕೂ ಬಳಕೆಯಾಗಿದೆ.

ಭಾರತಕ್ಕೆ ಬಂದ ಮೇಲೆ ಅಂಕಲ್ ತನ್ನ ನಡಿಗೆಯನ್ನೂ ಬದಲಿಸಿಕೊಂಡಿತು. ಇಂಗ್ಲಿಷಿನಲ್ಲಿ ಅದು ಹೆಸರಿನ ಮುಂದೆ ನಿಲ್ಲುತ್ತದೆ, ಅಂಕಲ್ ಟಾಮ್ ಎಂಬಂತೆ. ದಾದರ್‌ನಲ್ಲಿ ಅದು ಹೆಸರಿನ ಬೆನ್ನಿಗೆ ಬರುತ್ತದೆ: ಜೋಶಿ ಅಂಕಲ್, ಶೆಟ್ಟಿ ಅಂಕಲ್. ರಾಮಣ್ಣ, ಸೀತಕ್ಕ, ವೆಂಕಟೇಶ ಮಾವ ಎಂದು ಹೆಸರಿನ ನಂತರ ನಂಟನ್ನು ಜೋಡಿಸುವ ಈ ನೆಲದ ವ್ಯಾಕರಣವನ್ನು ಪರದೇಶದ ಪದ ಮರುಮಾತಿಲ್ಲದೆ ಒಪ್ಪಿಕೊಂಡಿದೆ. ಪದ ಮಾತ್ರ ಇಂಗ್ಲಿಷಿನದು, ಅದನ್ನು ಬಳಸುವ ರೀತಿ ಪೂರ್ತಿ ಇಲ್ಲಿಯದು.

ಹೊರಗಿನವರಿಗೆ ಇಷ್ಟು ಚೆನ್ನಾಗಿ ಒದಗುವ ಪದ ಒಳಗಿನವರಿಗೆ ಎಷ್ಟು ಸಾಲದು ಎಂಬುದಕ್ಕೆ ದೇಶದ ಕಾನೂನೇ ಸಾಕ್ಷಿ ಹೇಳುತ್ತದೆ. ಹಿಂದೂ ಕಾನೂನನ್ನು ಕ್ರೋಡೀಕರಿಸುವ ಮಸೂದೆಯನ್ನು ಕಾನೂನು ಸಚಿವರಾಗಿ ಮುನ್ನಡೆಸಿದ ಡಾ. ಬಿ.ಆರ್. ಅಂಬೇಡ್ಕರ್ ಅವರ ಮನೆ ‘ರಾಜಗೃಹ’ ಇರುವುದು ದಾದರ್‌ನ ಹಿಂದೂ ಕಾಲನಿಯಲ್ಲಿ. ಮಸೂದೆ ನೆನೆಗುದಿಗೆ ಬಿದ್ದಾಗ ಅವರು 1951ರಲ್ಲಿ ರಾಜೀನಾಮೆ ಕೊಟ್ಟರು, ಮುಂದೆ ಅದು ಬಿಡಿಬಿಡಿ ಕಾಯಿದೆಗಳಾಗಿ ಜಾರಿಗೆ ಬಂತು. ಅವುಗಳಲ್ಲಿ ಮೊದಲನೆಯದಾದ 1955ರ ಹಿಂದೂ ವಿವಾಹ ಕಾಯಿದೆ, ಮದುವೆ ನಿಷಿದ್ಧವಾದ ಸಂಬಂಧಗಳನ್ನು ಹೇಳುವಾಗ ‘ಅಂಕಲ್’ ಮತ್ತು ‘ನೀಸ್’ ಎಂಬ ಇಂಗ್ಲಿಷ್ ಪದಗಳನ್ನೇ ಬಳಸಿ, ಎರಡೂ ಕಡೆಯವರ ರೂಢಿ ಒಪ್ಪಿದರೆ ಆ ನಿಷೇಧ ಅನ್ವಯಿಸದು ಎಂದು ಬಿಟ್ಟುಕೊಡುತ್ತದೆ. ಕರ್ನಾಟಕದ ಅನೇಕ ಜಾತಿಗಳಲ್ಲಿ ಸೋದರಮಾವ ಅಕ್ಕನ ಮಗಳನ್ನು ಮದುವೆಯಾಗುವ ರೂಢಿಯಿದೆ, ತಂಗಿಯ ಮಗಳನ್ನು ಮದುವೆಯಾಗುವುದು ಸಾಮಾನ್ಯವಾಗಿ ನಿಷಿದ್ಧ. ಚಿಕ್ಕಪ್ಪ ಮತ್ತು ಅಣ್ಣನ ಮಗಳ ನಡುವಿನ ಮದುವೆಯನ್ನು ಯೋಚಿಸುವುದೂ ಪಾಪ. ತಾಯಿಯ ಕಡೆಯಿಂದ ‘ಬರಿ’ ಎಂಬ ಕುಲವನ್ನು ಎಣಿಸುವ ತುಳುನಾಡಿನ ಬಂಟರಲ್ಲಿ ಅಕ್ಕನ ಮಗಳೂ ಒಂದೇ ಬರಿಯವಳಾದ್ದರಿಂದ ಆ ಮದುವೆಯೂ ಕೂಡದು, ಆದರೆ ಮಾವನ ಮಗಳು ಬೇರೆ ಬರಿಯವಳು. ಕಾಯಿದೆಯ ಒಂದು ‘ಅಂಕಲ್’ ಪದದೊಳಗೆ ಈ ಎಲ್ಲ ವಿಧಿನಿಷೇಧಗಳು ಕಾಣದೆ ಹೋಗುತ್ತವೆ, ರೂಢಿಯ ವಿನಾಯಿತಿಯೊಂದೇ ಅವುಗಳನ್ನು ಮತ್ತೆ ಒಳಗೆ ತರುವ ಬಾಗಿಲು.

ಮರುವರ್ಷ, 1956ರಲ್ಲಿ ಬಂದ ಹಿಂದೂ ಉತ್ತರಾಧಿಕಾರ ಕಾಯಿದೆ ಆಸ್ತಿಯ ಹಂಚಿಕೆಗೆ ಬಂದಾಗ ಈ ಮಬ್ಬನ್ನು ಇಟ್ಟುಕೊಳ್ಳಲಿಲ್ಲ. ಅದರ ಅನುಸೂಚಿಯ ಎರಡನೆಯ ವರ್ಗದ ವಾರಸುದಾರರಲ್ಲಿ ತಂದೆಯ ಸೋದರ ಸೋದರಿಯರು ಏಳನೆಯ ನಮೂದಿನಲ್ಲೂ ತಾಯಿಯ ಸೋದರ ಸೋದರಿಯರು ಒಂಬತ್ತನೆಯ ನಮೂದಿನಲ್ಲೂ ಇದ್ದಾರೆ, ಮೇಲಿನ ನಮೂದಿನವರು ಇದ್ದರೆ ಕೆಳಗಿನವರಿಗೆ ಪಾಲಿಲ್ಲ. ಹಣದ ವಿಷಯದಲ್ಲಿ ಅಂಕಲ್ ಎಂಬ ಪದವನ್ನು ಇಂಗ್ಲಿಷಿನಲ್ಲಿ ಬರೆದ ಕಾಯಿದೆಯೂ ನಂಬಲಿಲ್ಲ.

ಇಂಗ್ಲಿಷ್ ತನ್ನ ನಾಲ್ಕು ಪದಗಳನ್ನು ಕಳೆದುಕೊಂಡದ್ದಕ್ಕೂ ಮದುವೆಯ ಕಟ್ಟಳೆಯಲ್ಲೇ ಒಂದು ಕಾರಣವನ್ನು ಊಹಿಸಬಹುದು. ಮಧ್ಯಯುಗದ ಯುರೋಪಿನಲ್ಲಿ ಚರ್ಚು ರಕ್ತಸಂಬಂಧಿಗಳ ಮದುವೆಯನ್ನು ತಾಯಿಯ ಕಡೆ ತಂದೆಯ ಕಡೆ ಎಂದು ನೋಡದೆ ಸಮನಾಗಿ ನಿಷೇಧಿಸಿತ್ತು, 1215ರ ಲ್ಯಾಟರನ್ ಸಭೆ ಆ ನಿಷೇಧವನ್ನು ಏಳು ತಲೆಯಿಂದ ನಾಲ್ಕಕ್ಕೆ ಇಳಿಸಿದಾಗಲೂ ಎರಡು ಕಡೆಗಳ ಸಮಾನತೆ ಹಾಗೆಯೇ ಉಳಿಯಿತು. ಎರಡೂ ಕಡೆಯವರು ಒಂದೇ ಕಟ್ಟಳೆಗೆ ಒಳಪಟ್ಟಾಗ ಎರಡು ಹೆಸರುಗಳ ಅಗತ್ಯ ಸಡಿಲವಾಗುತ್ತದೆ. ಆದರೆ ಅಷ್ಟರಿಂದಲೇ ಪದಗಳು ಸಾಯಬೇಕೆಂದೇನೂ ಇಲ್ಲ. ಅದೇ ಚರ್ಚಿನ ಆಳ್ವಿಕೆಯಲ್ಲಿದ್ದ ಸ್ವೀಡನ್ನಿನ ಭಾಷೆಯಲ್ಲಿ ಅಪ್ಪನ ಸೋದರ ‘ಫಾರ್‌ಬ್ರೂರ್’ ಮತ್ತು ಅಮ್ಮನ ಸೋದರ ‘ಮೂರ್‌ಬ್ರೂರ್’ ಇಂದಿಗೂ ಬೇರೆ ಬೇರೆಯೇ. ಜನ ಬಳಸುವುದನ್ನು ಬಿಡದಿದ್ದರೆ ಪದ ಬದುಕುತ್ತದೆ.

ಈ ಮಾತು ಕನ್ನಡಕ್ಕೆ ಈಗ ಅಗತ್ಯವಾಗಿ ಅನ್ವಯಿಸುತ್ತದೆ. ರಕ್ತಸಂಬಂಧದ ಮದುವೆಯಿಂದ ಕೆಲವು ಆನುವಂಶಿಕ ಕಾಯಿಲೆಗಳ ಅಪಾಯ ಹೆಚ್ಚುತ್ತದೆಂದು ವೈದ್ಯರು ಎಚ್ಚರಿಸುತ್ತಾರೆ, ನಗರದ ಕುಟುಂಬಗಳು ಅದನ್ನು ಬಿಡುತ್ತಿವೆ, ಬಿಡುವುದೇ ಒಳ್ಳೆಯದು. ಆದರೆ ಮದುವೆಯ ಲೆಕ್ಕ ಹೋದರೂ ಮಾವನ ಪಾತ್ರ ಹೋಗಿಲ್ಲ. ಮಗುವಿನ ಜವಳ, ಅಂದರೆ ಮೊದಲ ಕೂದಲು ತೆಗೆಸುವ ಶಾಸ್ತ್ರ, ಕನ್ನಡ ಮತ್ತು ಮರಾಠಿ ಮನೆಗಳೆರಡರಲ್ಲೂ ಅನೇಕ ಕಡೆ ಸೋದರಮಾವನ ತೊಡೆಯ ಮೇಲೆಯೇ ನಡೆಯುತ್ತದೆ. ಮದುವೆಯಲ್ಲಿ ಅಂತರಪಟ ಹಿಡಿದ ಹೊತ್ತಿಗೆ ಪುರೋಹಿತರು ವಧುವನ್ನು ಕರೆತರಲು ಕೂಗುವುದು ಅವಳ ಸೋದರಮಾವನನ್ನು. ಅವನು ಬೇರೆ ಊರಿನಲ್ಲಿದ್ದರೂ ಆ ದಿನ ಬಂದು ನಿಲ್ಲಬೇಕು, ಅವನಿಲ್ಲದಿದ್ದರೆ ಆ ವರಸೆಯ ಇನ್ನೊಬ್ಬನನ್ನು ಹುಡುಕಿ ನಿಲ್ಲಿಸುತ್ತಾರೆ. ಆ ಜಾಗಕ್ಕೆ ಚಿಕ್ಕಪ್ಪನನ್ನು ಯಾರೂ ಕರೆಯುವುದಿಲ್ಲ. ತುಳುವರ ಅಳಿಯಕಟ್ಟು ಪದ್ಧತಿಯಲ್ಲಂತೂ ಮನೆತನದ ಯಜಮಾನಿಕೆ ಮಾವನಿಂದ ಸೋದರಳಿಯನಿಗೆ ಇಳಿಯುತ್ತಿತ್ತು, ಮುಂಬಯಿಗೆ ಬಂದು ಹೋಟೆಲು ಕಟ್ಟಿದ ಎಷ್ಟೋ ತುಳು ಕುಟುಂಬಗಳ ಹಿರಿಯರು ಬೆಳೆದದ್ದು ಆ ವ್ಯವಸ್ಥೆಯ ನೆರಳಿನಲ್ಲಿ. ಚಂದ್ರನನ್ನು ಕನ್ನಡದ ಮಗುವೂ ಮರಾಠಿಯ ಮಗುವೂ ಮಾಮನೆಂದೇ ಕರೆಯುವುದಕ್ಕೆ ಜನ ಕೊಡುವ ಕಾರಣವೂ ವರಸೆಯದೇ: ಸಮುದ್ರಮಥನದಲ್ಲಿ ಹುಟ್ಟಿದ ಲಕ್ಷ್ಮಿ ತಾಯಿಯಾದರೆ ಅವಳೊಡನೆ ಹುಟ್ಟಿದ ಚಂದ್ರ ಸೋದರಮಾವನಾಗಲೇಬೇಕು.

ಎರಡು ಪದಗಳಿಗೆ ಎರಡು ಜಾಗಗಳಿವೆ. ನೆರೆಮನೆಯ ಹಿರಿಯನಿಗೆ, ಶಾಲೆಯ ಬಸ್ಸಿನ ಚಾಲಕನಿಗೆ, ಗೆಳೆಯನ ತಂದೆಗೆ ಅಂಕಲ್ ಎನ್ನುವುದರಲ್ಲಿ ತಪ್ಪೇನೂ ಇಲ್ಲ, ಬಹುಭಾಷೆಯ ನಗರದಲ್ಲಿ ಅದು ಸೌಜನ್ಯದ ಪದ. ಅಮ್ಮನ ತಮ್ಮ ಮತ್ತು ಅಪ್ಪನ ತಮ್ಮ ಮಾತ್ರ ಅಂಕಲ್ ಆಗಬಾರದು. ದಾದರ್ ಮಾಟುಂಗಾಗಳ ಕನ್ನಡ ಸಂಘಗಳು ಮಕ್ಕಳಿಗೆ ಅಕ್ಷರಮಾಲೆಯ ಜೊತೆಗೆ ವಾವೆ ವರಸೆಯನ್ನೂ ಕಲಿಸಬೇಕು, ಮನೆಯ ಹಿರಿಯರು ಬೇಸಿಗೆ ರಜೆಗೆ ಊರಿಗೆ ಹೊರಡುವ ಮುನ್ನವೇ ಅಲ್ಲಿ ಯಾರು ಮಾವ, ಯಾರು ದೊಡ್ಡಪ್ಪ, ಯಾರು ಚಿಕ್ಕಪ್ಪ ಎಂಬುದನ್ನು ಮಕ್ಕಳಿಗೆ ತಿಳಿಸಿ, ಹಾಗೆಯೇ ಕರೆಯುವಂತೆ ರೂಢಿ ಮಾಡಿಸಬೇಕು.